ಹಸಿರು ಕಾರಿನ ಕ್ಲಚ್ಚು

“ಯಾವ ಗಾಡೀದು?” ಎಂದು ಅಂಗಡಿಯವನು ಕೇಳಿದ್ದು ಸೂಜಿಯಮ್ಮನನ್ನಲ್ಲ, ಅವಳನ್ನು ಕೂರಿಸಿಕೊಂಡು ಬಂದಿದ್ದ ಆಟೋದವನನ್ನು. ಆಟೋದವನು ಬೀದಿಯಲ್ಲಿ ನಿಂತು ಕಿವಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. ಕ್ಲಚ್ ಕೇಬಲ್ ಬೇಕು ಎಂದವಳು ಇವಳು. ತುಂಡಾದ ಹಳೆಯ ಕೇಬಲನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ಕೌಂಟರಿಗೆ ಒರಗಿ ನಿಂತವಳು ಇವಳು. ಆದರೂ ಅಂಗಡಿಯವನ ಕಣ್ಣು ಅವಳ ತಲೆಯ ಮೇಲಿಂದ ಹಾದು ಬೀದಿಯಲ್ಲಿದ್ದ ಗಂಡಸನ್ನೇ ಹುಡುಕಿಕೊಂಡು ಹೋಗಿತ್ತು.

“ಇಲ್ಲಿ ನೋಡಿ. ಕೇಳ್ತಿರೋಳು ನಾನು.”

“ನಿಮ್ದಾ? ಸರಿ, ಯಾವ ಗಾಡಿ ಹೇಳಿ.”

ಅವಳು ಕಾರಿನ ಹೆಸರನ್ನೂ ಅದು ಹುಟ್ಟಿದ ವರ್ಷವನ್ನೂ ಹೇಳಿದಳು. ಕಾರಿನ ಹೆಸರು, ವರ್ಷ ಸರಿಯಾಗಿ ಹೇಳಿ ಕೇಳಿ, ಇಲ್ಲದಿದ್ದರೆ ತಪ್ಪು ಮಾಲು ಕೊಡುತ್ತಾರೆ ಎಂದು ಅವಳ ಬೀದಿಯ ಕೊನೆಯ ಗ್ಯಾರೇಜಿನವನು ಕೇಬಲನ್ನು ಬಿಚ್ಚಿಕೊಡುವಾಗಲೇ ಬುದ್ಧಿ ಹೇಳಿ ಕಳಿಸಿದ್ದ. ಅಂಗಡಿಯವನು ಹೆಸರು ಕೇಳಿದ್ದೇ ತಡ, ಒಳಗಿದ್ದ ಯಾರಿಗೋ ಕೇಳಿಸುವಂತೆ ನಕ್ಕ.

“ಎರಡು ಸೀಟಿನ ಸ್ಪೋರ್ಟ್ಸ್ ಕಾರಾ? ಅಮ್ಮಾ, ಆ ಕಂಪನೀನೇ ಬಾಗಿಲು ಹಾಕಿ ಯಾವ ಕಾಲ ಆಯ್ತು! ನಾನು ಹುಟ್ಟೋಕೆ ಮುಂಚಿನ ಗಾಡಿಗೆ ಈಗ ಎಲ್ಲಿಂದ ಕೇಬಲ್ ತರ್ಲಿ? ಮ್ಯೂಸಿಯಂನಲ್ಲಿ ಕೇಳಿ.”

“ಹಳೇದು ಇಲ್ಲೇ ಇದೆಯಲ್ಲ. ಕೈಗೆ ತಗೊಂಡು ನೋಡಿ, ಇಂಥದ್ದು ಬೇರೆ ಯಾವ್ದಾದ್ರೂ ಹೊಂದುತ್ತಾ ಅಂತ.”

“ನೋಡೋದೇನಿದೆ? ಇಲ್ಲ ಅಂದ್ರೆ ಇಲ್ಲ.” ಅವನು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. ಹಿಂದಿನ ಕೊಕ್ಕೆಯಿಂದ ಇಳಿಬಿದ್ದಿದ್ದ ಕಪ್ಪು ಕೇಬಲುಗಳ ಗೊಂಚಲು ಅವನ ಬೋಳು ತಲೆಗೆ ತಾಗಿತು. ನೊಣ ಓಡಿಸುವಂತೆ ಅದನ್ನು ಆಚೆ ತಳ್ಳಿ, “ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳ್ಸಿ, ವಿವರವಾಗಿ ಹೇಳ್ತೀನಿ” ಎಂದ.

“ಗಂಡಸರಿಗೆ ವಿವರವಾಗಿ ಹೇಳಿದ್ರೆ ಇಲ್ಲದ ಕೇಬಲ್ ಹುಟ್ಟುತ್ತಾ?”

ಸೂಜಿಯಮ್ಮ ಕೇಬಲನ್ನು ಚೀಲಕ್ಕೆ ತುರುಕಿ, ಕೌಂಟರನ್ನು ಹಿಡಿದು ತಿರುಗಿ, ಎಡಗಾಲನ್ನು ಎಳೆದುಕೊಂಡು ಮೆಟ್ಟಿಲಿಳಿದಳು. ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಹೋದ ಅಂಗಡಿಗಳಲ್ಲೂ ಅದೇ ರಾಗ, ಅದೇ ಹಾಡು. ಒಬ್ಬ, ಕಾರನ್ನು ಮಾರಿಬಿಡಿ ಎಂದ. ಇನ್ನೊಬ್ಬ, ಈ ಕಾಲು ಇಟ್ಟುಕೊಂಡು ಅಂಥ ಕಾರು ಯಾಕೆ ಎಂದ. ಒಂದು ಅಂಗಡಿಯಲ್ಲಿ ಮಾತ್ರ ಕೂರಲು ಸ್ಟೂಲು ಕೊಟ್ಟರು, ಕೇಬಲು ಅಲ್ಲೂ ಇರಲಿಲ್ಲ.

ಈ ಕಾಲು ಇಟ್ಟುಕೊಂಡೇ ಅವಳು ಆ ಕಾರನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದ್ದಾಳೆ ಎಂಬುದನ್ನು ಆ ಮಹಾಶಯರಿಗೆ ಯಾರು ಹೇಳಬೇಕು? ಮಗುವಾಗಿದ್ದಾಗಲೇ ಪೋಲಿಯೋ ಬಡಿದು ಅವಳ ಎಡಗಾಲು ಸೊರಗಿಹೋಗಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟಿನಲ್ಲಿ ಅದು ನಿಲ್ಲುತ್ತದೆ, ಅಷ್ಟೆ. ಒತ್ತು ಎಂದರೆ ಒತ್ತುವುದಿಲ್ಲ. ಅಪ್ಪ ದೊಡ್ಡವರೊಬ್ಬರ ಮನೆಯ ಡ್ರೈವರಾಗಿದ್ದರು. ಆ ಮನೆಯ ಮಗ ಗೋಡೆಗೆ ಗುದ್ದಿ ಮೂಲೆಗೆ ತಳ್ಳಿದ್ದ ಹಸಿರು ಸ್ಪೋರ್ಟ್ಸ್ ಕಾರು ಗುಜರಿಗೆ ಹೋಗುವ ಬದಲು ಅಪ್ಪನ ಪಾಲಿಗೆ ಬಂತು. ಅಪ್ಪ ಅದರ ಕ್ಲಚ್ ಪೆಡಲನ್ನು ಕಿತ್ತು ಡಿಕ್ಕಿಗೆ ಹಾಕಿ, ಗೇರಿನ ಕಂಬಿಗೆ ಒಂದು ಹಿಡಿಕೆ ಕೂರಿಸಿದರು. ಎಡಗೈಯಲ್ಲಿ ಹಿಡಿಕೆ ಹಿಚುಕಿದರೆ ಕ್ಲಚ್ಚು, ಹಿಚುಕಿಕೊಂಡೇ ಕಂಬಿ ತಳ್ಳಿದರೆ ಗೇರು. “ಕಾಲಿಗೆ ತಕ್ಕ ಕಾರು ಮಾಡ್ಬೋದು ಮಗಳೇ, ಕಾರಿಗೆ ತಕ್ಕ ಕಾಲು ಎಲ್ಲಿಂದ ತರೋಣ?” ಎಂದಿದ್ದರು. ಅಪ್ಪ ಹೋದ ಮೇಲೂ ಹಿಡಿಕೆಗೆ ಸುತ್ತಿದ್ದ ಸೈಕಲ್ ಟ್ಯೂಬಿನ ರಬ್ಬರು ಉಳಿದಿತ್ತು. ಅವಳ ನಾಲ್ಕು ಬೆರಳು ಕೂರುವ ಕಡೆ ನಾಲ್ಕು ತಗ್ಗು ಬಿದ್ದಿತ್ತು.

ಆ ಕಾರಿನಲ್ಲೇ ಅವಳ ಅನ್ನ. ರಕ್ತ ಪರೀಕ್ಷೆಯ ಲ್ಯಾಬಿನವಳು ಅವಳು. ಬೆಳಗ್ಗೆ ಹೊಟ್ಟೆಗೇನೂ ಹಾಕಿಕೊಳ್ಳದೆ ಕಾಯುವ ಮುದುಕ ಮುದುಕಿಯರ ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸ. ಹಾಸಿಗೆ ಹಿಡಿದವರು, ಮೆಟ್ಟಿಲಿಳಿಯಲಾರದವರು, ಆಸ್ಪತ್ರೆ ಎಂದರೆ ಬೆವರುವವರು ಎಲ್ಲರೂ ಅವಳ ಗಿರಾಕಿಗಳು. ಸೂಜಿಯಮ್ಮ ಎಂದು ಹೆಸರಿಟ್ಟವರೂ ಅವರೇ. ಅವರಲ್ಲಿ ಒಬ್ಬರು ಮುದಿ ಹೆಡ್‌ಮಾಸ್ಟರು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವುದರಿಂದ ವಾರವಾರವೂ ಅವರ ರಕ್ತ ನೋಡಲೇಬೇಕು. ಕೈನಡುಕದ ಮನುಷ್ಯ, ತೋಳಿನ ಗುಂಡಿ ಬಿಚ್ಚಲು ಅವರಿಗೆ ಬಹಳ ಹೊತ್ತು ಬೇಕು, ಬೇರೆಯವರು ಬಿಚ್ಚಿದರೆ ಅವಮಾನ. ಹಾಗಾಗಿ ಹಸಿರು ಕಾರಿನ ಗುಡುಗುಡು ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದ ಕೂಡಲೇ ಶುರುಮಾಡುತ್ತಿದ್ದರು. ಅವಳು ಕಾರು ನಿಲ್ಲಿಸಿ, ಕಾಲು ಹೊರಗಿಟ್ಟು, ಡಬ್ಬಿ ತೆಗೆದುಕೊಂಡು ಒಳಗೆ ಹೋಗುವ ಹೊತ್ತಿಗೆ ತೋಳು ಮಡಚಿ, ಕೈ ಚಾಚಿ, ಪರೀಕ್ಷೆಗೆ ಓದಿಕೊಂಡು ಬಂದ ಹುಡುಗನ ಹಾಗೆ ಕೂತಿರುತ್ತಿದ್ದರು.

ಕೇಬಲು ತುಂಡಾದದ್ದು ಅವರ ಮನೆಯಿಂದ ಹಿಂದಿರುಗುವಾಗಲೇ. ಹಿಡಿಕೆ ಕೈಯಲ್ಲಿ ಸಡಿಲವಾಗಿ ಬಿದ್ದುಹೋಯಿತು.

ಅಂಗಡಿ ಅಂಗಡಿ ತಿರುಗಿ ಬರಿಗೈಯಲ್ಲಿ ಬಂದ ಸಂಜೆ ಭಾವ ಬಂದರು. ಭಾವ ಅಂದರೆ ಅವಳ ಅಕ್ಕನ ಗಂಡ, ದೊಡ್ಡ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಈಗ ಹಳೇ ಕಾರುಗಳ ಸಂಘದ ಕಾರ್ಯದರ್ಶಿ. ಕೆಟ್ಟವರಲ್ಲ. ಯಾರ ಮನೆಯಲ್ಲಿ ನಲ್ಲಿ ಸೋರಿದರೂ ಓಡಿಬರುವವರು. ಕಷ್ಟ ಏನೆಂದರೆ, ಬಂದ ಮೇಲೆ ಆ ಮನೆ ಅವರದಾಗಿಬಿಡುತ್ತದೆ.

“ಪುಟ್ಟಿ, ನೀನು ಯಾಕೆ ಬೀದಿ ಬೀದಿ ಅಲೀತೀಯಾ? ನಾನಿಲ್ವಾ?” ಎಂದರು. ಐವತ್ತು ದಾಟಿದ ಹೆಂಗಸಿಗೆ ಪುಟ್ಟಿ. “ಕೀ ಕೊಡು. ಇಂಥ ಕಾರಿಗೆ ಸಿಕ್ಕಸಿಕ್ಕ ಕೇಬಲ್ ಹಾಕ್ಬಾರ್ದು. ನಮ್ಮ ಸಂಘದೋರಿಗೆ ಹೇಳ್ತೀನಿ, ಒರಿಜಿನಲ್ಲೇ ತರಿಸ್ತೀನಿ.”

“ನನಗೆ ಒರಿಜಿನಲ್ ಬೇಡ ಭಾವ, ಬೇಗ ಬೇಕು.”

“ಎರಡೂ ಆಗುತ್ತೆ. ನೀನು ಸುಮ್ನಿರು.”

ಅವಳು ಕೀ ಕೊಟ್ಟಳು. ಬೇರೆ ದಾರಿಯೂ ಇರಲಿಲ್ಲ.

ಬೇಗ ಆಗಲಿಲ್ಲ. ಕಾರು ಬೀದಿಯ ಕೊನೆಯ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ನಿಂತಿತು. ಭಾವ ದಿನಕ್ಕೊಂದು ಸುದ್ದಿ ಹೇಳುತ್ತಿದ್ದರು: ಸಂಘದವರೊಬ್ಬರಿಗೆ ಪರದೇಶದ ಒಬ್ಬ ಗೊತ್ತು, ಅವನಿಗೆ ಇನ್ನೊಬ್ಬ ಗೊತ್ತು, ಆ ಇನ್ನೊಬ್ಬನ ಕೊಟ್ಟಿಗೆಯಲ್ಲಿ ಇದೇ ಕಾರಿನ ಸಾಮಾನುಗಳ ಪೆಟ್ಟಿಗೆಗಳಿವೆ. ಅವಳು ಈ ಕಡೆ ಆಟೋ ಹಿಡಿದು ಮನೆಮನೆಗೆ ಹೋಗುತ್ತಿದ್ದಳು. ಆಟೋದವರು ಬೀದಿಯ ತುದಿಯಲ್ಲೇ ಇಳಿಸಿ ಹೋಗಿಬಿಡುತ್ತಿದ್ದರು. ಮುಂದಿನ ಮನೆಗೆ ಇನ್ನೊಂದು ಸಿಗುವಷ್ಟರಲ್ಲಿ ಬಿಸಿಲು ಏರಿ, ಹಸಿದ ಮುದುಕರು ಬೈದು, ರಕ್ತದ ಸೀಸೆಗಳು ಬೆಚ್ಚಗಾಗುತ್ತಿದ್ದವು. ಲ್ಯಾಬಿನ ಯಜಮಾನ ಅರ್ಧ ಮನೆಗಳನ್ನು ಬೈಕಿನವನೊಬ್ಬನಿಗೆ ಕೊಟ್ಟ. ಕೊಟ್ಟ ಅರ್ಧದಲ್ಲಿ ಹೆಡ್‌ಮಾಸ್ಟರ ಮನೆಯೂ ಸೇರಿತು.

ಅವಳು ಒಂದು ಸಂಜೆ ಸುಮ್ಮನೆ ಅವರನ್ನು ನೋಡಿಕೊಂಡು ಬರಲು ಹೋದಳು. ಹೆಡ್‌ಮಾಸ್ಟರು ತೋಳು ತೋರಿಸಿದರು. ಮೊಣಕೈಯ ಹತ್ತಿರ ನೀಲಿ ಕಲೆ. ಅಂಗಿಯ ಗುಂಡಿ ಇರಬೇಕಾದಲ್ಲಿ ದಾರದ ಎಳೆ ಮಾತ್ರ ಇತ್ತು.

“ಅವನು ಬಂದಿದ್ದೇ ಗೊತ್ತಾಗಲ್ಲಮ್ಮ. ಬೈಕು ಎಲ್ಲಾ ಬೈಕಿನ ಹಾಗೇ ಕೇಳ್ಸುತ್ತೆ. ಒಳಗೆ ಬಂದೋನೇ ‘ಬೇಗ ಬೇಗ ತಾತ’ ಅಂತ ತೋಳು ಎಳ್ದ, ಗುಂಡಿ ಹಾರೋಯ್ತು. ಮಂಚದ ಕೆಳಗೆಲ್ಲೋ ಇದೆ, ಬಗ್ಗೋಕಾಗಲ್ಲ. ನಿನ್ನ ಕಾರು ಯಾವಾಗ ಬರುತ್ತೆ?”

“ಬರುತ್ತೆ ಸರ್” ಎಂದಳು. ಮಂಚದ ಕೆಳಗೆ ಅವಳಿಗೂ ಬಗ್ಗಲಾಗುವುದಿಲ್ಲ. ಅವರ ಊರುಗೋಲು ಆಡಿಸಿ ಹುಡುಕಿದಳು, ಗುಂಡಿ ಸಿಗಲಿಲ್ಲ.

ಕೊನೆಗೊಂದು ದಿನ ಭಾವನ ಫೋನು ಬಂತು. “ಸಿಕ್ತು ಪುಟ್ಟಿ! ಬಂತು, ಹಾಕಿಸಿದ್ದೂ ಆಯ್ತು! ಓಡ್ ಬಾ ಗ್ಯಾರೇಜಿಗೆ.”

ಅವಳು ಓಡಲಿಲ್ಲ, ಆದರೆ ಆ ದಿನ ಅವಳ ನಡಿಗೆ ಓಟಕ್ಕೆ ಹತ್ತಿರವೇ ಇತ್ತು. ಗ್ಯಾರೇಜಿನ ನೆಲ ಗುಡಿಸಿತ್ತು. ಸಂಘದ ಟೋಪಿ ಹಾಕಿದ ಇಬ್ಬರು ಎದೆ ಮೇಲೆ ಕೈ ಕಟ್ಟಿ ನಿಂತಿದ್ದರು. ಗ್ಯಾರೇಜಿನವನು ಹಲ್ಲು ಕಿರಿಯುತ್ತಿದ್ದ. ಭಾವ ಮದುಮಗಳ ಮುಸುಕು ತೆಗೆಯುವ ಹಾಗೆ ಕಾರಿನ ಬಟ್ಟೆ ಎಳೆದರು. ಹಸಿರು ಬಣ್ಣ ಕನ್ನಡಿಯಂತೆ ಹೊಳೆಯಿತು. ಅವಳಿಗೂ ಒಂದು ಕ್ಷಣ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಬಾಗಿಲು ತೆಗೆದು ಕೂತು, ಅಭ್ಯಾಸದಂತೆ ಎಡಗೈ ಇಳಿಬಿಟ್ಟಳು.

ಕೈಗೆ ಬರಿಯ ಕಂಬಿ ಸಿಕ್ಕಿತು. ಅದರ ತುದಿಯಲ್ಲಿ ಮೆರುಗು ಕೊಟ್ಟ ಮರದ ಗುಂಡು.

“ಹಿಡಿಕೆ ಎಲ್ಲಿ?”

“ಯಾವ ಹಿಡಿಕೆ?” ಭಾವ ಬಗ್ಗಿ ನೋಡಿ ನಕ್ಕರು. “ಓ, ಆ ತುಕ್ಕು ಹಿಡಿದ ತುಂಡಾ? ತೆಗೆಸ್ಬಿಟ್ಟೆ. ಅದು ಇದ್ರೆ ಈ ಕೇಬಲ್ ಕೂರೋದೇ ಇಲ್ಲ. ಕಾಲ ಹತ್ರ ನೋಡು, ಡಿಕ್ಕೀಲಿ ಬಿದ್ದಿತ್ತು, ತೊಳೆದು ಹಾಕ್ಸಿದೀನಿ. ಒರಿಜಿನಲ್ ಪೆಡಲ್! ಕಂಪನಿಯಿಂದ ಹೇಗೆ ಹೊರಗೆ ಬಂದಿತ್ತೋ, ಈಗ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

ಅವಳ ಎಡ ಬೂಟಿನ ಪಕ್ಕದಲ್ಲಿ ಪೆಡಲು ಫಳಫಳ ಹೊಳೆಯುತ್ತಿತ್ತು.

“ಇದನ್ನ ನಾನು ಯಾವ ಕಾಲಲ್ಲಿ ಒತ್ಲಿ ಭಾವ?”

ಟೋಪಿಯವರಲ್ಲಿ ಒಬ್ಬ ತನ್ನ ಬೂಟನ್ನೇ ನೋಡಿಕೊಂಡ. ಗ್ಯಾರೇಜಿನವನ ಹಲ್ಲು ಒಳಗೆ ಹೋಯಿತು. ಭಾವ ಮಾತ್ರ ಅವಳ ಭುಜದ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವ ದನಿಯಲ್ಲಿ ಶುರುಮಾಡಿದರು. “ಅದನ್ನ ಯೋಚ್ನೆ ಮಾಡ್ದೇ ಇರ್ತೀನಾ? ಭಾನುವಾರ ಸಂಘದ ಪ್ರದರ್ಶನ ಇದೆಯಲ್ಲ, ಕಾರು ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ರಾಣಿ ಹಾಗೆ ಕೂತ್ಕೊ. ಇನ್ನು ದಿನಾ ಓಡಾಡೋದು, ಈ ವಯಸ್ಸಲ್ಲಿ ಯಾಕೆ ಬೇಕು ಆ ಸರ್ಕಸ್ಸು? ನಿಮ್ಮ ಲ್ಯಾಬ್ ಯಜಮಾನ್ರ ಹತ್ರ ಮಾತಾಡಿದೀನಿ. ಒಳಗೆ ಕೂತು ಸೀಸೆಗಳಿಗೆ ಚೀಟಿ ಅಂಟಿಸೋ ಕೆಲ್ಸ ಕೊಡ್ತಾರಂತೆ. ಫ್ಯಾನಿನ ಕೆಳಗೆ. ಇಷ್ಟು ವರ್ಷ ತಿರುಗಿದ್ದು ಸಾಕು.”

“ಯಾರಿಗೆ ಸಾಕು?”

“ಪುಟ್ಟಿ, ಒಳ್ಳೇದಕ್ಕೇ ಹೇಳ್ತಿರೋದು...”

“ಯಾರಿಗೆ ಸಾಕು ಅಂತ ಕೇಳ್ದೆ.” ಅವಳು ಭುಜದ ಮೇಲಿನ ಕೈಯನ್ನು ತೆಗೆದು ಆಚೆ ಇಟ್ಟಳು. “ಕಾರು ನಂದು. ಕೆಲ್ಸ ನಂದು. ಕಾಲು ನಂದು. ನನ್ನನ್ನ ಬಿಟ್ಟು ಇಡೀ ಊರನ್ನ ಕೇಳಿದೀರಿ ನೀವು. ಪರದೇಶದೋನ್ನ ಕೇಳಿದೀರಿ, ಟೋಪಿಯವ್ರನ್ನ ಕೇಳಿದೀರಿ, ನನ್ನ ಯಜಮಾನನ್ನ ಕೇಳಿದೀರಿ. ನಾಲ್ಕು ಮನೆ ಆಚೆ ಇರೋಳು ನಾನು. ಒಂದು ಮಾತು ಕೇಳೋಕೆ ನಿಮ್ಮ ಬಾಯಿ ಬಿದ್ದೋಗಿತ್ತಾ? ನಾನು ಕೇಳಿದ್ದು ಒಂದು ಕೇಬಲ್ಲು. ನನ್ನ ಕಾಲು ಕಿತ್ಕೊಳ್ಳಿ ಅಂದಿರ್ಲಿಲ್ಲ.”

ಜನರ ಮುಂದೆ ಭಾವನಿಗೆ ಹಾಗೆ ಯಾರೂ ಮಾತಾಡಿದ್ದಿಲ್ಲ. ಅವರ ಮುಖ ಇಷ್ಟಾಯಿತು. ತಾವು ಬರೆದ ಪತ್ರಗಳೆಷ್ಟು, ಕಾದ ಪಾರ್ಸೆಲು ಎಂಥದ್ದು, ಉಪಕಾರಕ್ಕೆ ಸಿಗುವ ಬೆಲೆ ಇದೇ ಏನು ಎಂದು ಟೋಪಿಯವರ ಕಡೆ ತಿರುಗಿ ಹೇಳಿದರು. ಅವರು ತಲೆದೂಗಿದರು. ಉಪಕಾರವಂತೆ! ಬೇಡವೆಂದವರ ಬಾಯಿಗೆ ತುರುಕಿದ ತುತ್ತೂ ಉಪಕಾರವೇ ಎನ್ನುವುದಾದರೆ ಭಾವನಂಥ ಧರ್ಮಾತ್ಮರು ಊರಲ್ಲಿ ಇನ್ನೊಬ್ಬರಿಲ್ಲ.

“ನೀನಾದ್ರೂ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದು ಅವಳು ಗ್ಯಾರೇಜಿನವನಿಗೆ ಕೇಳಿದಳು. “ಇಷ್ಟು ವರ್ಷದಿಂದ ಈ ಹಿಡಿಕೆಗೆ ಎಣ್ಣೆ ಬಿಡ್ತಿದ್ದೋನು ನೀನೇ ಅಲ್ವಾ?”

“ಯಜಮಾನ್ರು ತೆಗಿ ಅಂದ್ರು ಅಕ್ಕಾ...”

“ಯಾರು ಯಜಮಾನ್ರು? ಗಾಡಿ ಯಾರ್ದು?”

ಅವನು ತಲೆ ಕೆರೆದುಕೊಂಡ. ಹಿಡಿಕೆ ಎಲ್ಲಿ ಎಂದಾಗ ಮೂಲೆಯ ಗುಜರಿ ಡ್ರಮ್ಮು ತೋರಿಸಿದ. ಡ್ರಮ್ಮು ಖಾಲಿಯಾಗಿತ್ತು. ಗುಜರಿಯವನು ಮೊನ್ನೆಯಷ್ಟೇ ಬಂದು ಎಲ್ಲವನ್ನೂ ತುಂಬಿಕೊಂಡು ಹೋಗಿದ್ದ.

ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಅಳಲಿಲ್ಲ. ಅಳು ಬರುವಷ್ಟು ಜಾಗ ಸಿಟ್ಟು ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. ಲ್ಯಾಬಿನ ಯಜಮಾನನಿಗೆ ಫೋನು ಮಾಡಿ, ಚೀಟಿ ಅಂಟಿಸುವ ಕೆಲಸ ತನಗೆ ಬೇಡವೆಂದಳು. “ಹೊರಗಡೆ ಓಡಾಡೋಕೆ ಗಾಡಿ ಇರ್ಬೇಕಲ್ಲಮ್ಮ” ಎಂದು ಆತ ನಿಧಾನವಾಗಿ ಹೇಳಿದ. “ಸೋಮವಾರದೊಳಗೆ ನೋಡಿ. ಆಗ್ಲಿಲ್ಲ ಅಂದ್ರೆ ಉಳಿದ ಮನೆಗಳನ್ನೂ ಬೈಕಿನವನಿಗೇ ಕೊಡ್ಬೇಕಾಗುತ್ತೆ.” ಆತ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಇನ್ನಷ್ಟು ಕೆರಳಿಸಿತು.

ಮರುದಿನ ಮಧ್ಯಾಹ್ನ ಅಕ್ಕ ಬಂದಳು. ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿ ಸೂಜಿಯಮ್ಮ, “ಗಂಡನ ಪರವಾಗಿ ವಕಾಲತ್ತಿಗೆ ಬಂದ್ಯಾ?” ಎಂದಳು.

ಅಕ್ಕ ಒಳಗೆ ಬಂದು, ಊಟದ ಡಬ್ಬಿ ಒಯ್ಯುವ ಚೀಲವನ್ನು ಮೇಜಿನ ಮೇಲಿಟ್ಟು, ಅದರೊಳಗಿಂದ ಹಳೆಯ ಟವೆಲ್ಲಿನ ಗಂಟೊಂದನ್ನು ತೆಗೆದಳು. ಬಿಚ್ಚಿದರೆ ಹಿಡಿಕೆ. ಕೆಳಗಿನ ಕಬ್ಬಿಣದ ಪಟ್ಟಿ, ಎರಡು ಬೋಲ್ಟು, ಎಲ್ಲವೂ ಇದ್ದವು. ಗ್ರೀಸು ತೊಳೆದು ಒರೆಸಿದ್ದಳು.

“ಅವರಿಗೆ ಊಟ ಕೊಡೋಕೆ ಗ್ಯಾರೇಜಿಗೆ ಹೋಗಿದ್ದೆ. ಡ್ರಮ್ಮಲ್ಲಿ ಬಿದ್ದಿತ್ತು. ಖಾಲಿ ಡಬ್ಬಿ ಜೊತೆ ಹಾಕ್ಕೊಂಡು ಬಂದೆ.”

“ಆವಾಗ್ಲೇ ಬಾಯಿ ಬಿಡೋಕೇನಾಗಿತ್ತು? ನನಗೊಂದು ಫೋನ್ ಮಾಡೋಕೇನಾಗಿತ್ತು?”

“ಆಗ್ಲಿಲ್ಲ ಕಣೆ.” ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. “ನಿನ್ನ ಹಾಗೆ ನನಗೆ ಬಾಯಿ ಬರಲ್ಲ. ನಿನ್ನೆ ಮನೆಗೆ ಬಂದು ಅವರು ನಿನ್ನನ್ನ ಬೈದಿದ್ದೇ ಬೈದಿದ್ದು. ನಾನು ಕೇಳ್ದೆ, ಅವಳು ಕುಂಟೋದು ಮೂವತ್ತು ವರ್ಷದಿಂದ ನಿಮ್ಮ ಕಣ್ಣಿಗೆ ಬಿದ್ದಿಲ್ವಾ ಅಂತ. ರಾತ್ರಿಯಿಂದ ಮಾತು ಬಿಟ್ಟಿದಾರೆ. ಬಿಡ್ಲಿ.” ಹಿಡಿಕೆಯನ್ನು ಬೆರಳಲ್ಲಿ ಮುಟ್ಟಿ, “ಅಪ್ಪ ಇದನ್ನ ಕೂರಿಸ್ತಿದ್ದಾಗ ಟಾರ್ಚು ಹಿಡ್ಕೊಂಡು ನಿಂತಿದ್ದು ನಾನು. ಕೈ ನೋಯ್ತಿತ್ತು. ಅಲುಗಾಡಿದ್ರೆ ಬೈತಿದ್ರು. ನನಗೆ ಎರಡು ಕಾಲೂ ಸರಿ ಇತ್ತು, ಆದ್ರೆ ನನಗೆ ಸೈಕಲ್ಲೂ ಕಲಿಸ್ಲಿಲ್ಲ” ಎಂದಳು.

ಸೂಜಿಯಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಎದ್ದು ಕಾಫಿಗೆ ಇಟ್ಟಳು.

ಹಿಡಿಕೆ ಸಿಕ್ಕಿತು, ಸರಿ. ಕೇಬಲು? ಪರದೇಶದಿಂದ ಬಂದ ಮಹಾರಾಯ ಪೆಡಲಿಗೆ ಮಾತ್ರ ಮುಟ್ಟುತ್ತಾನೆ, ಹಿಡಿಕೆಯ ತನಕ ಬರುವುದಿಲ್ಲ. ಮತ್ತೆ ಅದೇ ಅಂಗಡಿಗಳು, ಅದೇ ನಗು. ಅವಳು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತೀರ್ಮಾನಿಸಿದ್ದಳು: ಮೊದಲು ನಕ್ಕವನ ಅಂಗಡಿಗೇ ಹೋಗುವುದು. ನಕ್ಕರೆ ಈ ಸಲ ಹಿಡಿಕೆ ಕೈಯಲ್ಲೇ ಇದೆ.

ಬೋಳು ತಲೆಯವನು ಅದೇ ಕುರ್ಚಿಯಲ್ಲಿ ಕೂತಿದ್ದ. ಅವಳ ಗುರುತು ಸಿಗಲಿಲ್ಲ. “ಯಾವ ಗಾಡೀದಮ್ಮಾ?” ಎಂದ.

“ಗಾಡಿ ಹೆಸರು ಕೇಳ್ಬೇಡಿ, ನಾನು ಹೇಳೋದೂ ಇಲ್ಲ” ಎಂದು ಅವಳು ಹಿಡಿಕೆಯನ್ನೂ ತುಂಡು ಕೇಬಲನ್ನೂ ಕೌಂಟರಿನ ಮೇಲೆ ಧಡ್ಡೆಂದು ಇಟ್ಟಳು. “ಕಣ್ಣಿದ್ರೆ ಇದನ್ನ ನೋಡಿ. ಈ ಹಿಡಿಕೆಗೆ ಈ ಕೇಬಲ್ ಬೇಕು. ಇದೆಯಾ, ಇಲ್ವಾ?”

ಅಂಗಡಿಯವನು ಹಿಡಿಕೆಯ ಕಡೆ ಅರೆಗಣ್ಣು ಹಾಯಿಸಿದ. ಎದ್ದೇಳಲೂ ಇಲ್ಲ. ಕೈಯನ್ನು ತಲೆಯ ಹಿಂದಕ್ಕೆ ಹಾಕಿ, ಕೊಕ್ಕೆಯಲ್ಲಿದ್ದ ಕಪ್ಪು ಗೊಂಚಲಿನಿಂದ ಒಂದು ಕೇಬಲನ್ನು ಎಳೆದು ಅವಳ ಮುಂದೆ ಎಸೆದ.

“ಗೂಡ್ಸ್ ಆಟೋದ್ದು. ಈ ಹಿಡಿಕೇನೂ ಅದರದ್ದೇ. ದಿನಾ ಮಾರ್ತೀನಿ. ಹಳೇದಕ್ಕೆ ಅಳತೆ ಹಿಡಿದು ನೋಡ್ಕೊಳ್ಳಿ.”

ಅವಳು ಎರಡನ್ನೂ ಪಕ್ಕಪಕ್ಕ ಹಿಡಿದಳು. ತುದಿಯ ಸೀಸದ ಗುಂಡೂ ಸೇರಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಪ್ಪ ಯಾವುದೋ ಸಾಮಾನು ಸಾಗಿಸುವ ಆಟೋದ ಕ್ಲಚ್ಚು ಬಿಚ್ಚಿ ತಂದು ಸ್ಪೋರ್ಟ್ಸ್ ಕಾರಿಗೆ ಕಟ್ಟಿದ್ದರು. ಮಗಳಿಗೆ ಹೇಳಿರಲಿಲ್ಲ, ಮುಗಿದ ಕೆಲಸದ ಬಗ್ಗೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಇವಳೋ ಕಾರಿನ ಹೆಸರು ಹೇಳಿಕೊಂಡು ಊರು ಸುತ್ತಿದಳು, ಭಾವ ಕಾರಿನ ಹೆಸರು ಹೇಳಿಕೊಂಡು ಸಮುದ್ರ ದಾಟಿದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ. ಆದರೆ ಕೂಸು ಇದ್ದದ್ದು ಈ ಮನುಷ್ಯನ ತಲೆಯ ಹಿಂದೆ. ಅಂದು ಒಂದೇ ಒಂದು ಸಲ ಕೈಚಾಚಿ ಆ ತುಂಡನ್ನು ತೆಗೆದುಕೊಂಡಿದ್ದರೆ!

“ಅವತ್ತೂ ಇದೇ ತುಂಡು ತಂದಿದ್ದೆ ನಾನು. ಕೈಗೂ ಮುಟ್ಟಿಸ್ಕೊಳ್ಳಲಿಲ್ಲ ನೀವು. ನಕ್ಕಿರಿ. ಗಂಡಸರನ್ನ ಕಳ್ಸಿ ಅಂದ್ರಿ.”

“ಆಟೋದ್ದು ಅಂತ ಮೊದಲೇ ಹೇಳ್ಬಾರ್ದಾ ಅಮ್ಮಾ?”

ಅವಳಿಗೆ ನಗು ಬಂತು. ಸಿಟ್ಟು ಇಳಿದ ನಗುವಲ್ಲ ಅದು. “ಎರಡು ಕೊಡಿ” ಎಂದಳು. “ಒಂದು ಮುಂದಕ್ಕೆ ಇರ್ಲಿ. ಮತ್ತೆ ನಿಮ್ಮ ಮುಖ ನೋಡೋಕೆ ನನಗೆ ಇಷ್ಟ ಇಲ್ಲ.”

ಗ್ಯಾರೇಜಿನವನು ಕಾರಿನ ಕೆಳಗೆ ನುಸುಳಿದ. ಅವಳು ಪಕ್ಕದಲ್ಲಿ ಸ್ಟೂಲು ಹಾಕಿಸಿಕೊಂಡು ಪೊಲೀಸಿನವಳ ಹಾಗೆ ಕೂತಳು. ಸ್ಟೂಲಿನ ಪಕ್ಕದಲ್ಲಿ ಅಕ್ಕ, ಅಕ್ಕನ ಕೈಯಲ್ಲಿ ಟಾರ್ಚು. ಬೇಕಿರಲಿಲ್ಲ, ಹಗಲೇ ಇತ್ತು. ಆದರೂ ಅವಳು ಅದನ್ನು ಹೊತ್ತಿಸಿ ಗೇರಿನ ಕಂಬಿಯ ಬುಡಕ್ಕೆ ಬಿಟ್ಟಿದ್ದಳು, ಅಲುಗಾಡದೆ. ಮೊದಲು ಪೆಡಲು ಹೊರಗೆ ಬಂತು, ಆಮೇಲೆ ಒರಿಜಿನಲ್ ಕೇಬಲು. ಆ ಹೊತ್ತಿಗೆ ಭಾವ ಬಂದರು. ನಾಳಿನ ಪ್ರದರ್ಶನಕ್ಕೆ ಕಾರು ಒಯ್ಯಲು ಸಂಘದ ಟೋಪಿ ಹಾಕಿಕೊಂಡೇ ಬಂದಿದ್ದರು.

ಭಾವ ಹಿಡಿಕೆಯನ್ನು ನೋಡಿದರು, ಹೆಂಡತಿಯ ಕೈಯ ಟಾರ್ಚನ್ನು ನೋಡಿದರು.

“ಇದನ್ನ ಹಾಕಿದ್ರೆ ಪ್ರದರ್ಶನದಲ್ಲಿ ಒಳಗೇ ಬಿಡಲ್ಲ” ಎಂದರು ಕೊನೆಗೆ.

“ಬಿಡೋದು ಬೇಡ” ಎಂದಳು ಸೂಜಿಯಮ್ಮ. ಪರದೇಶದ ಕೇಬಲನ್ನು ಅದು ಬಂದಿದ್ದ ಪೆಟ್ಟಿಗೆಯಲ್ಲೇ ಸುತ್ತಿ ಹಾಕಿ ಅವರ ಕೈಗಿತ್ತಳು. “ತುಂಬಾ ಕಷ್ಟಪಟ್ಟು ತರಿಸಿದೀರಿ, ಜೋಪಾನವಾಗಿ ಇಟ್ಕೊಳ್ಳಿ. ನಿಮ್ಮ ಕಷ್ಟದ ಬಗ್ಗೆ ನನಗೇನೂ ತಕರಾರಿಲ್ಲ ಭಾವ. ನನ್ನ ಕೇಳಲಿಲ್ಲ ನೋಡಿ, ಅದಕ್ಕೆ ನಾಳೇನೂ ಸಿಟ್ಟಿರುತ್ತೆ, ನಾಡಿದ್ದೂ ಇರುತ್ತೆ.”

ಭಾವ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಹಿಡಿಕೆಯೂ ಹೊಸ ಕೇಬಲೂ ಕೂತ ಮೇಲೆ ಅವಳು ಕಾರೊಳಗೆ ಕೂತು ಹಿಡಿಕೆ ಹಿಚುಕಿದಳು. ರಬ್ಬರಿನ ತಗ್ಗುಗಳಲ್ಲಿ ಬೆರಳುಗಳು ತಾವಾಗಿಯೇ ಹೋಗಿ ಕೂತವು. ಹೊಸ ಕೇಬಲು ಸ್ವಲ್ಪ ಬಿಗಿ. ಗೇರು ಬಿತ್ತು. ಅಷ್ಟರಲ್ಲಿ ಆಚೆ ಬಾಗಿಲು ತೆರೆದ ಸದ್ದಾಯಿತು. ಭಾವ ಇರಬಹುದೆಂದು ತಿರುಗಿದರೆ ಅಕ್ಕ, ಸೆರಗು ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾರಿಗೆ ಇದ್ದದ್ದು ಎರಡೇ ಸೀಟು.

“ಎಲ್ಲಿಗೆ?” ಎಂದರು ಭಾವ.

“ಒಂದು ಸುತ್ತು ಹೋಗಿ ಬರ್ತೀವಿ. ಅನ್ನ ಮಾಡಿಟ್ಟಿದೀನಿ, ಬಡಿಸ್ಕೊಳ್ಳಿ” ಎಂದಳು ಅಕ್ಕ.

ಸೋಮವಾರ ಬೆಳಗ್ಗೆಯೂ ಅಕ್ಕ ಬಂದಳು. ಸೀಸೆಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಿರುವಿನಲ್ಲೂ ಅದನ್ನು ಅಪ್ಪಿ ಹಿಡಿಯುತ್ತಿದ್ದಳು. ಮೊದಲ ಮನೆಯೇ ಹೆಡ್‌ಮಾಸ್ಟರದು. ಆ ಮನೆಯನ್ನು ವಾಪಸು ಪಡೆಯಲು ಸೂಜಿಯಮ್ಮ ಲ್ಯಾಬಿನ ಯಜಮಾನನ ಜೊತೆ ಹಿಂದಿನ ದಿನ ಫೋನಿನಲ್ಲಿ ಚೆನ್ನಾಗಿಯೇ ಜಗಳವಾಡಿದ್ದಳು. ಬರುತ್ತೇನೆಂದು ಹೆಡ್‌ಮಾಸ್ಟರಿಗೆ ಮಾತ್ರ ಹೇಳಿರಲಿಲ್ಲ. ಬೀದಿಯ ತಿರುವಿನಲ್ಲಿ ಹಿಡಿಕೆ ಹಿಚುಕಿ ಗೇರು ಇಳಿಸಿದಳು. ಹಸಿರು ಕಾರು ಗುಡುಗುಡು ಎಂದಿತು.

“ಇಲ್ಲೇ ಇರು, ಬಂದೆ” ಎಂದು ಅಕ್ಕನ ಕೈಯಿಂದ ಡಬ್ಬಿ ತೆಗೆದುಕೊಂಡು ಇಳಿದಳು. ಗೇಟಿನ ಹತ್ತಿರ ಬಂದಾಗ ಕಿಟಕಿಯೊಳಗೆ ಕಾಣುತ್ತಿತ್ತು: ಹೆಡ್‌ಮಾಸ್ಟರು ಗುಂಡಿಯಿಲ್ಲದ ತೋಳಿಗೆ ಹಾಕಿದ್ದ ಪಿನ್ನನ್ನು ಬಿಚ್ಚಿ ತುಟಿಯಲ್ಲಿ ಕಚ್ಚಿಕೊಂಡು, ನಡುಗುವ ಕೈಯಲ್ಲಿ ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಮೇಲಕ್ಕೆ ಮಡಚುತ್ತಿದ್ದರು. ಇನ್ನೂ ಒಂದು ಮಡಿಕೆ ಬಾಕಿಯಿತ್ತು. ಅವಳು ಗೇಟಿನ ಅಗುಳಿಯ ಮೇಲೆ ಕೈಯಿಟ್ಟು, ಅದು ಮುಗಿಯುವ ತನಕ ಅಲ್ಲೇ ನಿಂತಳು.